ಟಿಡಬ್ಲ್ಯುಐ (ಟೈರ್ ಸವೆತ ತೋರಿಸೋ ಗುರುತು) ಇನ್ನೂ ಮುಟ್ಟಿಲ್ಲ, ಆದ್ರೂ ಟೈರ್ ಬದಲಾಯಿಸ್ಬೇಕಾ?

ಎರಡುಗಾಲಿ:
ಹಿಂದಿನ ಟೈರ್ ಬಗ್ಗೆ ತಿಳಿದವರು ಹೇಳಿ. ಸೈಜ್ 100/90-17, ಟ್ಯೂಬ್‌ಲೆಸ್. ನಡುಭಾಗದ ಗ್ರೂವ್‌ನಲ್ಲಿ (ಟೈರ್ ಮೇಲಿನ ಕಾಲುವೆ) ಆಳ ಅಳೆಯೋ ಗೇಜ್ 1.9 ಮಿ.ಮೀ. ತೋರಿಸ್ತಿದೆ, ಅಂಚಿನ ಗ್ರೂವ್‌ಗಳಲ್ಲಿ 4 ಮಿ.ಮೀ.ಗಿಂತ ಜಾಸ್ತಿ ಇದೆ. ಟಿಡಬ್ಲ್ಯುಐ ಉಬ್ಬಿಗೆ ಇನ್ನೂ ಸುಮಾರು ಒಂದು ಮಿ.ಮೀ. ಬಾಕಿ. ಟೈರ್ ಪಕ್ಕದಲ್ಲಿ ಅಚ್ಚಾಗಿರೋ ಡಿಒಟಿ (ತಯಾರಿಕೆಯ ಗುರುತು) ಸಾಲಿನ ಕೊನೇ ನಾಲ್ಕು ಅಂಕಿ 3519. ರಿಮ್ ಹತ್ತಿರ ಕೂದಲೆಳೆಯಷ್ಟು ಬಿರುಕುಗಳಿವೆ. ನೇರ ಹೋಗುವಾಗ ಏನೂ ಗೊತ್ತಾಗಲ್ಲ. ತಿರುವಿನಲ್ಲಿ ಮಾತ್ರ ಗಾಡಿ ಮೊದಲು ವಾಲೋಕೆ ಒಪ್ಪಲ್ಲ, ಆಮೇಲೆ ಒಮ್ಮೆಲೇ ಬಿದ್ದ ಹಾಗಾಗುತ್ತೆ. ಒಬ್ಬ ಮೆಕ್ಯಾನಿಕ್ ಇನ್ನೂ ಆರಾಮಾಗಿ ಓಡುತ್ತೆ ಅಂತಾರೆ, ಇನ್ನೊಬ್ಬರು ಇವತ್ತೇ ಬಿಚ್ಚಿ ಅಂತಾರೆ. ಯಾರ ಮಾತು ಸರಿ, ಯಾವ ಲೆಕ್ಕದಲ್ಲಿ?

ಉಕ್ಕಿನಕುದುರೆ:
ಟಿಡಬ್ಲ್ಯುಐ ಮುಟ್ಟೋವರೆಗೂ ಓಡಿಸಬಹುದು. ಕಂಪನಿಯವರು ಆ ಗುರುತು ಹಾಕಿರೋದೇ ಅದಕ್ಕೆ.

ಮಳೆಸವಾರ:
ಟಿಡಬ್ಲ್ಯುಐ ಅಂದ್ರೆ "ಇಲ್ಲಿಗೆ ಮುಗೀತು" ಅಂತ, "ಇಲ್ಲೀವರೆಗೂ ಚೆನ್ನಾಗಿದೆ" ಅಂತಲ್ಲ. ಎರಡೂ ಒಂದೇ ಅಂತ ತಿಳ್ಕೊಂಡ್ರೆ ಮಳೆಯಲ್ಲಿ ಕಷ್ಟ.

ಸ್ಪ್ಯಾನರ್_14:
ಮೊದಲು ಆ ಗುರುತು ಏನು ಅಂತ ನೋಡೋಣ. ಸೈಡ್‌ವಾಲ್ (ಟೈರ್‌ನ ಪಕ್ಕದ ಗೋಡೆ) ಅಂಚಿನಲ್ಲಿ ಟಿಡಬ್ಲ್ಯುಐ ಅಕ್ಷರ, ಚಿಕ್ಕ ತ್ರಿಕೋನ ಅಥವಾ ಕಂಪನಿಯ ಲೋಗೋ ಇರುತ್ತೆ. ಅಲ್ಲಿಂದ ನೇರವಾಗಿ ಟ್ರೆಡ್ (ನೆಲ ಮುಟ್ಟೋ ಭಾಗ) ಕಡೆಗೆ ಬಂದ್ರೆ ಗ್ರೂವ್ ತಳದಲ್ಲಿ ಅಡ್ಡಕ್ಕೆ ಒಂದು ಸಣ್ಣ ಉಬ್ಬು ಕಾಣುತ್ತೆ. ಬೈಕ್ ಟೈರ್‌ಗಳಲ್ಲಿ ಅದರ ಎತ್ತರ ಸಾಮಾನ್ಯವಾಗಿ 0.8ರಿಂದ 1 ಮಿ.ಮೀ. ಕಾರ್ ಟೈರ್‌ನಲ್ಲಿ 1.6. ಸುತ್ತಳತೆಯಲ್ಲಿ ಇಂಥ ಉಬ್ಬುಗಳು ಹಲವು ಕಡೆ ಇರ್ತವೆ, ಒಂದೇ ಕಡೆ ನೋಡಿ ತೀರ್ಮಾನ ಮಾಡಬಾರದು. ಯಾವುದಾದರೂ ಒಂದು ಉಬ್ಬು ಅಕ್ಕಪಕ್ಕದ ಬಟನ್‌ಗೆ (ಗ್ರೂವ್‌ಗಳ ನಡುವಿನ ರಬ್ಬರ್ ತುಂಡು) ಸಮ ಆದ್ರೂ ಟೈರ್ ಮುಗಿದ ಹಾಗೆಯೇ, ಉಳಿದ ಕಡೆ ಎಷ್ಟೇ ಇರಲಿ.

ಕಾನೂನೂ ಎಲ್ಲ ಕಡೆ ಒಂದೇ ಅಲ್ಲ. ಭಾರತದಲ್ಲಿ ದ್ವಿಚಕ್ರಕ್ಕೆ 0.8 ಮಿ.ಮೀ., ಬ್ರಿಟನ್‌ನಲ್ಲಿ 50 ಸಿಸಿಗಿಂತ ದೊಡ್ಡ ಬೈಕಿಗೆ ಟ್ರೆಡ್ ಅಗಲದ ಮುಕ್ಕಾಲು ಭಾಗದಲ್ಲಿ 1 ಮಿ.ಮೀ., ಜರ್ಮನಿಯಲ್ಲಿ 1.6 ಮಿ.ಮೀ. ಮಳೆ ನೀರು ಮೂರೂ ಕಡೆ ಒಂದೇ ಥರ ಜಾರಿಸುತ್ತೆ. ಹಾಗಾಗಿ ಕಾನೂನಿನ ಅಂಕಿಯನ್ನ ದಂಡ ತಪ್ಪಿಸೋ ಗೆರೆ ಅಂತ ಇಟ್ಕೊಳ್ಳಿ, ಹಿಡಿತದ ಗೆರೆ ಅಂತಲ್ಲ.

ಗೇಜ್_ಕೈಲಿ:
1.9 ಅಂತ ಹೇಳಿದ್ದೀರಲ್ಲ, ಅದನ್ನ ಎಲ್ಲಿ ಅಳೆದಿರಿ ಅನ್ನೋದೇ ಮುಖ್ಯ. ಅಳೆಯೋ ಕ್ರಮ ಹೀಗೆ:

ಗೇಜನ್ನ ಮೊದಲು ಗಾಜಿನ ಮೇಲೆ ಒತ್ತಿ ಸೊನ್ನೆ ತೋರಿಸುತ್ತಾ ನೋಡಿ. ಅಗ್ಗದ ಗೇಜ್‌ಗಳಲ್ಲಿ 0.2-0.3 ವ್ಯತ್ಯಾಸ ಇರೋದುಂಟು, ಮೊದಲೇ ಗೊತ್ತಿದ್ರೆ ಕಳೆದುಕೊಳ್ಳಬಹುದು. ಗ್ರೂವ್‌ನಲ್ಲಿ ಸಿಕ್ಕಿರೋ ಕಲ್ಲು, ಮಣ್ಣು ತೆಗೀರಿ. ಪಿನ್ ಟಿಡಬ್ಲ್ಯುಐ ಉಬ್ಬಿನ ಮೇಲೆ ಕೂರಬಾರದು, ಕೂತ್ರೆ ಇರೋದಕ್ಕಿಂತ ಕಡಿಮೆ ತೋರಿಸುತ್ತೆ. ಗೇಜ್ ಪಟ್ಟಿಯನ್ನ ಟೈರ್‌ನ ಉದ್ದಕ್ಕೆ ಇಡಿ, ಅಡ್ಡಕ್ಕೆ ಇಟ್ರೆ ಗುಂಡಗಿನ ಮೇಲೆ ಅಲ್ಲಾಡಿ ತಪ್ಪು ಅಂಕಿ ಬರುತ್ತೆ. ಚಕ್ರ ತಿರುಗಿಸಿ ಕನಿಷ್ಠ ನಾಲ್ಕು ಕಡೆ, ಪ್ರತಿ ಕಡೆ ನಡು, ಎಡ, ಬಲ ಅಂತ ಮೂರು ಅಳತೆ. ಇಷ್ಟರಲ್ಲಿ ಅತಿ ಕಡಿಮೆ ಬಂದದ್ದೇ ನಿಮ್ಮ ಅಂಕಿ. ಸರಾಸರಿ ತೆಗೆಯೋಕೆ ಹೋಗ್ಬೇಡಿ.

ಇನ್ನೊಂದು ಮಾತು. ಎಷ್ಟೋ ಹಿಂದಿನ ಟೈರ್‌ಗಳಲ್ಲಿ ಸರಿಯಾಗಿ ನಡುಮಧ್ಯದಲ್ಲಿ ಗ್ರೂವ್ ಇರೋದೇ ಇಲ್ಲ, ಅರ್ಧ ಇಂಚು ಆಚೆ ಈಚೆ ಇರುತ್ತೆ. ಹೆಚ್ಚು ಸವೆಯೋದು ನಡುಮಧ್ಯ. ಗ್ರೂವ್‌ನಲ್ಲಿ 1.9 ಬಂದಿದ್ರೆ ನಡುವಿನ ರಬ್ಬರ್ ಅದಕ್ಕಿಂತ ಕಡಿಮೆ ಉಳಿದಿರುತ್ತೆ.

ಉಕ್ಕಿನಕುದುರೆ:
ಇಷ್ಟೆಲ್ಲ ಅಳೆದು ಕೂತ್ರೆ ಗಾಡಿ ಓಡಿಸೋದು ಯಾವಾಗ? ಒಣ ರಸ್ತೇಲಿ ಸವೆದ ಟೈರ್ ಇನ್ನೂ ಚೆನ್ನಾಗಿ ಹಿಡಿಯುತ್ತೆ. ರೇಸ್ ಬೈಕ್‌ಗಳು ಬೋಳು ಟೈರ್‌ನಲ್ಲೇ ಓಡೋದು.

ಚೈನ್‌ಸ್ಪ್ರಾಕೆಟ್:
ಈ ವಾದ ಪ್ರತಿ ಸಲ ಬರುತ್ತೆ, ಪ್ರತಿ ಸಲ ಅರ್ಧ ಮಾತ್ರ ನಿಜ. ಒಣ ರಸ್ತೆಯಲ್ಲಿ ಗ್ರೂವ್ ಕಡಿಮೆ ಇದ್ದಷ್ಟೂ ನೆಲ ಮುಟ್ಟೋ ರಬ್ಬರ್ ಜಾಸ್ತಿ, ಅದು ಸರಿ. ಆದ್ರೆ ರೇಸ್‌ನ ಸ್ಲಿಕ್ ಟೈರ್ ಬೋಳಾದ ಟೈರ್ ಅಲ್ಲ, ಬೋಳಾಗೇ ಹುಟ್ಟಿದ್ದು. ಅದರ ರಬ್ಬರ್ ಬೇರೆ, ಒಳಗಿನ ಪದರ ಬೇರೆ. ಟೈರ್ ವಾರ್ಮರ್ ಸುತ್ತಿ ಬಿಸಿ ಮಾಡಿ ಟ್ರ್ಯಾಕ್‌ಗೆ ಇಳಿಸ್ತಾರೆ, ಒಂದು ರೇಸ್ ಆದ್ಮೇಲೆ ಕಿತ್ತು ಹಾಕ್ತಾರೆ. ಮಳೆ ಬಂದ್ರೆ ಮೋಟೋಜಿಪಿಯಲ್ಲೂ ಗ್ರೂವ್ ಇರೋ ಮಳೆ ಟೈರ್ ಹಾಕ್ಕೊಂಡೇ ಹೊರಡೋದು. ರಸ್ತೆ ಟೈರ್ ಬೋಳಾದಾಗ ನಿಮಗೆ ಉಳಿಯೋದು ಸಾವಿರಾರು ಸಲ ಬಿಸಿಯಾಗಿ ತಣ್ಣಗಾಗಿ ಗಡುಸಾದ ರಬ್ಬರ್‌ನ ತೆಳು ಪದರ, ಅದರ ಕೆಳಗೆ ಟೈರ್‌ಗೆ ಬಲ ಕೊಡೋ ನೂಲಿನ ಪದರ.

ಮಳೆಸವಾರ:
ನೀರಿನ ಲೆಕ್ಕವೂ ಸೇರಿಸ್ತೀನಿ. ಒದ್ದೆ ರಸ್ತೆಯಲ್ಲಿ ಟೈರ್ ನೆಲ ಮುಟ್ಟೋಕೆ ಮೊದಲು ಅಲ್ಲಿರೋ ನೀರು ಜಾಗ ಬಿಡಬೇಕು. ಗುಂಡಗಿರೋ ಬೈಕ್ ಟೈರ್ ನೀರನ್ನ ಎರಡು ಪಕ್ಕಕ್ಕೂ ಸೀಳುತ್ತೆ, ಉಳಿದದ್ದು ಗ್ರೂವ್‌ಗೆ ಹೋಗುತ್ತೆ. ಈಗ ನಡು ಚಪ್ಪಟೆಯಾಗಿದೆ ಅಂದ್ಕೊಳ್ಳಿ. ಗ್ರೂವ್ ಆಳ ಕಡಿಮೆ ಆಗಿರೋದು ಒಂದು ಕಡೆ, ನೀರು ಹೊರಗೆ ಹೋಗೋಕೆ ಅಡ್ಡಕ್ಕೆ ಸಾಗಬೇಕಾದ ದೂರ ಜಾಸ್ತಿಯಾಗಿರೋದು ಇನ್ನೊಂದು ಕಡೆ. ಎರಡೂ ಸೇರಿ ಟೈರ್ ನೀರಿನ ಮೇಲೆ ತೇಲೋ ವೇಗ ಕೆಳಕ್ಕೆ ಬರುತ್ತೆ. ಗಾಳಿ ಕಡಿಮೆ ಇದ್ರೆ ಇನ್ನೂ ಕೆಳಕ್ಕೆ.

ಅದಕ್ಕೇ ಮಳೆಗಾಲ ಹತ್ತಿರ ಇದ್ರೆ 2 ಮಿ.ಮೀ.ಗೆ ಬದಲಾಯಿಸಿ ಅಂತ ಹೇಳೋದು. ರಸ್ತೆ ಟೈರ್ ಹೊಸದರಲ್ಲಿ ಹಿಂದೆ 6ರಿಂದ 8, ಮುಂದೆ 4ರಿಂದ 5 ಮಿ.ಮೀ. ಆಸುಪಾಸು ಇರುತ್ತೆ. 2ಕ್ಕೆ ಬಂದಾಗ ಅದು ತನ್ನ ಕೆಲಸ ಮಾಡಿ ಮುಗಿಸಿರುತ್ತೆ.

ನಿಧಾನಗಾಮಿ:
+1. ಪಂಕ್ಚರ್‌ಗಳೂ ಹೆಚ್ಚಾಗೋದು ಈ ಕೊನೇ ಮಿ.ಮೀ.ಗಳಲ್ಲೇ. ಮೊಳೆಗೆ ಅಡ್ಡ ಬರೋ ರಬ್ಬರೇ ಇರಲ್ಲ.

ಎರಡುಗಾಲಿ:
ಮತ್ತೆ ಅಳೆದೆ, ಒಂದು ಕಡೆ 1.6 ಬಂತು. ತಿರುವಿನಲ್ಲಿ ಒಮ್ಮೆಲೇ ಬೀಳೋ ವಿಷಯ ಯಾರೂ ಹೇಳಲಿಲ್ಲ. ಅದು ಟೈರ್‌ನಿಂದಲೋ, ಫೋರ್ಕ್ ಬೇರಿಂಗ್‌ನಿಂದಲೋ?

ಸ್ಪ್ಯಾನರ್_14:
ನಡು ಚಪ್ಪಟೆಯಾದ ಟೈರ್‌ಗೆ ಎರಡು ಅಂಚು ಹುಟ್ಟಿಕೊಳ್ಳುತ್ತವೆ, ಚಪ್ಪಟೆ ಮುಗಿದು ಗುಂಡು ಶುರುವಾಗೋ ಜಾಗದಲ್ಲಿ. ನೇರ ಹೋಗುವಾಗ ಚಪ್ಪಟೆ ಮೇಲೆ ಕೂತಿರುತ್ತೆ, ಅದಕ್ಕೇ "ಸ್ಥಿರವಾಗಿದೆ" ಅನ್ಸುತ್ತೆ. ವಾಲಿಸಿದಾಗ ಮೊದಲು ಆ ಅಂಚನ್ನ ಹತ್ತಬೇಕು, ಅದು ಒಪ್ಪದ ಭಾಗ. ಹತ್ತಿ ದಾಟಿದ ಮೇಲೆ ಆಚೆ ಕಡೆ ಇಳಿಜಾರು, ಅದು ಬೀಳೋ ಭಾಗ. ನೀವು ಬರೆದಿರೋ ಲಕ್ಷಣ ಅದೇ.

ಪರೀಕ್ಷೆ ಸುಲಭ. ಉಕ್ಕಿನ ಸ್ಕೇಲನ್ನ ಟ್ರೆಡ್ ಮೇಲೆ ಅಡ್ಡಕ್ಕೆ ಇಟ್ಟು ಹಿಂದಿನಿಂದ ಟಾರ್ಚ್ ಹಾಕಿ. ಹೊಸ ಟೈರ್ ಒಂದೇ ಕಡೆ ತಾಗುತ್ತೆ, ಎರಡೂ ಪಕ್ಕ ಬೆಳಕು ಬರುತ್ತೆ. ಚಪ್ಪಟೆಯಾದದ್ದರಲ್ಲಿ ಎರಡು ಬೆರಳು, ಮೂರು ಬೆರಳಿನ ಅಗಲಕ್ಕೆ ಬೆಳಕೇ ತೂರಲ್ಲ. ಇದಕ್ಕೆ ಯಾವ ಕಾನೂನಿನ ಮಿತಿಯೂ ಇಲ್ಲ, ಆದ್ರೆ ಗಾಡಿ ನಡವಳಿಕೆ ಬದಲಾಗಿದೆ ಅಂದ್ರೆ ಆಳ ಎಷ್ಟೇ ಇದ್ರೂ ಟೈರ್ ಹೋಯ್ತು ಅಂತಲೇ ಲೆಕ್ಕ.

ಸ್ಟೀರಿಂಗ್ ಬೇರಿಂಗ್ (ನೀವಂದ ಫೋರ್ಕ್ ಬೇರಿಂಗ್) ಅನುಮಾನ ಇದ್ರೆ ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ನೆಲ ಬಿಡೋ ಹಾಗೆ ಮಾಡಿ. ಹ್ಯಾಂಡಲ್ ನಿಧಾನಕ್ಕೆ ಅತ್ತಿತ್ತ ತಿರುಗಿಸಿ. ನಡುವಿನಲ್ಲಿ "ಟಕ್" ಅಂತ ಕೂತ ಹಾಗಾದ್ರೆ ಬೇರಿಂಗ್ ರೇಸ್‌ನಲ್ಲಿ (ಗುಂಡುಗಳು ಓಡೋ ಬಳೆ) ಗುಳಿ ಬಿದ್ದಿದೆ. ಫೋರ್ಕ್ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಆಟ ಇದ್ರೆ ಸಡಿಲ ಆಗಿದೆ. ಇವೆರಡೂ ಇಲ್ಲದಿದ್ರೆ ಟೈರ್ ಮೇಲೇ ತಪ್ಪು ಹೊರಿಸಿ.

ದಾರಿಹೋಕ:
ನಡು ಮಾತ್ರ ಸವೆಯೋಕೆ ಗಾಳಿ ಜಾಸ್ತಿ ಹೊಡೆಸೋದೇ ಕಾರಣ. ಕೆಲವರು 40 ಪಿಎಸ್ಐ ಹಾಕಿಸ್ತಾರೆ, ಸೈಡ್‌ವಾಲ್‌ನಲ್ಲಿ ಹಾಗೆ ಬರೆದಿದೆ ಅಂತ.

ಚೈನ್‌ಸ್ಪ್ರಾಕೆಟ್:
ಗಾಳಿ ಒಂದೇ ಕಾರಣ ಅಲ್ಲ. ಉದ್ದುದ್ದ ನೇರ ರಸ್ತೆ, ನಗರದ ಓಡಾಟ, ಇವಿಷ್ಟೇ ಇದ್ರೆ ಸರಿಯಾದ ಗಾಳಿಯಲ್ಲೂ ನಡುವೇ ಸವೆಯುತ್ತೆ. ಆದ್ರೆ ಸೈಡ್‌ವಾಲ್ ಅಂಕಿ ವಿಷಯದಲ್ಲಿ ನಿಮ್ಮ ಮಾತು ಸರಿ. ಅಲ್ಲಿರೋದು ಆ ಟೈರ್ ತನ್ನ ಪೂರ್ತಿ ಭಾರ ಹೊರುವಾಗ ಬೇಕಾದ ಒತ್ತಡ. ನಿಮ್ಮ ಗಾಡಿಗೆ ಎಷ್ಟು ಅನ್ನೋದು ಚೈನ್ ಕವರ್ ಅಥವಾ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯೋ ತೋಳು) ಮೇಲಿನ ಸ್ಟಿಕರ್‌ನಲ್ಲಿ, ಇಲ್ಲ ಅಂದ್ರೆ ಕೈಪಿಡಿಯಲ್ಲಿ ಇರುತ್ತೆ. ಒಬ್ಬರೇ ಹೋಗೋಕೆ ಒಂದು, ಹಿಂದೆ ಒಬ್ಬರಿದ್ರೆ ಇನ್ನೊಂದು.

ಗೇಜ್_ಕೈಲಿ:
ಮತ್ತೆ ಗಾಳಿ ನೋಡೋದು ಟೈರ್ ತಣ್ಣಗಿದ್ದಾಗ. ತಾಪ 5-6 ಡಿಗ್ರಿ ಸೆಲ್ಸಿಯಸ್ ಏರಿದ್ರೆ ಸುಮಾರು 1 ಪಿಎಸ್ಐ ಏರುತ್ತೆ. ಓಡಿಸಿ ಬಂದು ನೋಡಿ "ಜಾಸ್ತಿ ಇದೆ" ಅಂತ ಬಿಟ್ರೆ ಮರುದಿನ ಬೆಳಿಗ್ಗೆ ಕಡಿಮೆ ಆಗಿರುತ್ತೆ.

ರಬ್ಬರ್_ಮರ:
ಬಿರುಕಿನ ವಿಷಯಕ್ಕೆ ಬರ್ತೀನಿ. 3519 ಅಂದ್ರೆ 2019ನೇ ಇಸವಿಯ 35ನೇ ವಾರ. ಪೂರ್ತಿ ಡಿಒಟಿ ಸಾಲು ಟೈರ್‌ನ ಒಂದೇ ಪಕ್ಕದಲ್ಲಿ ಇರಬಹುದು, ಕಾಣದಿದ್ರೆ ಆಚೆ ಪಕ್ಕ ನೋಡಿ. ಕೊನೆಯಲ್ಲಿ ಮೂರೇ ಅಂಕಿ ಇದ್ರೆ ಅದು 2000ಕ್ಕಿಂತ ಹಿಂದಿನ ಟೈರ್, ಅಳೆಯೋದೇ ಬೇಡ.

ರಬ್ಬರ್ ಮೇಲ್ಮೈಯನ್ನ ಒಡೆಯೋದು ಗಾಳಿಯಲ್ಲಿರೋ ಓಝೋನ್ ಮತ್ತು ಬಿಸಿಲು. ಇದನ್ನ ತಡೆಯೋಕೆ ರಬ್ಬರ್ ಒಳಗೇ ಮೇಣ ಮತ್ತು ರಾಸಾಯನಿಕ ಸೇರಿಸಿರ್ತಾರೆ. ಟೈರ್ ಉರುಳಿ ಬಾಗಿ ಮಣಿದಾಗ ಆ ಮೇಣ ಹೊರಗೆ ಬಂದು ತೆಳ್ಳಗೆ ಹರಡಿಕೊಳ್ಳುತ್ತೆ. ಗಾಡಿ ನಿಂತಲ್ಲೇ ನಿಂತ್ರೆ ಹೊರಗೆ ಬರಲ್ಲ. ಹಾಗಾಗಿ ಟ್ರೆಡ್ ತುಂಬಿರೋ, ಓಡಿಸದ ಗಾಡಿಯ ಟೈರ್ ಬಿರುಕು ಬಿಡೋದು ಹೆಚ್ಚು. ಸೈಡ್‌ವಾಲ್ ಕಂದು ಬಣ್ಣಕ್ಕೆ ತಿರುಗೋದು ಬೇರೆ ವಿಷಯ. ಅದು ಆ ರಾಸಾಯನಿಕವೇ ಮೇಲೆ ಬಂದು ಕಾಣೋದು, ದೋಷ ಅಲ್ಲ.

ಬಿರುಕನ್ನ ಹೀಗೆ ನೋಡಿ: ಬಿರುಕಿರೋ ಜಾಗವನ್ನ ಹೆಬ್ಬೆರಳಿಂದ ಒತ್ತಿ ಬಾಗಿಸಿ, ಟಾರ್ಚ್ ಹಿಡೀರಿ. ಮೇಲ್ಮೈ ಚರ್ಮದಷ್ಟೇ ಇದ್ದು ತಳ ಕಾಣ್ತಿದ್ರೆ ಗಮನ ಇಟ್ಟು ಓಡಿಸಬಹುದು. ಉಗುರು ಸಿಕ್ಕಿಕೊಳ್ಳೋಷ್ಟು ಆಳ ಇದ್ರೆ, ಬಿರುಕುಗಳು ಒಂದಕ್ಕೊಂದು ಸೇರಿ ಸುತ್ತ ಗೆರೆಯಾಗಿದ್ರೆ, ಗ್ರೂವ್ ತಳದಲ್ಲಿ ಬಿರುಕಿದ್ರೆ, ಅಥವಾ ಒಳಗೆ ನೂಲು ಕಂಡ್ರೆ ಬದಲಾಯಿಸಿ. ಗ್ರೂವ್ ತಳದ ಬಿರುಕು ಹೆಚ್ಚಾಗಿ ಗಾಳಿ ಕಡಿಮೆ ಇಟ್ಟು ಓಡಿಸಿದ್ದರ ಗುರುತು.

ದಾರಿಹೋಕ:
ಐದು ವರ್ಷ ಆದ್ರೆ ಬದಲಾಯಿಸಲೇಬೇಕಂತೆ, ಹೌದಾ?

ರಬ್ಬರ್_ಮರ:
ಹಾಗೆ ಬಿಗಿಯಾದ ನಿಯಮ ಇಲ್ಲ. ಮಿಶೆಲಿನ್‌ನಂಥ ಕಂಪನಿಗಳು ಹೇಳೋದು ಇಷ್ಟು: ಐದು ವರ್ಷ ಓಡಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರ ಕೈಲಿ ತೋರಿಸಿ, ತಯಾರಾಗಿ ಹತ್ತು ವರ್ಷ ಆಗಿದ್ರೆ ನೋಡೋಕೆ ಚೆನ್ನಾಗಿದ್ರೂ ತೆಗೀರಿ. ವಯಸ್ಸಾದ ರಬ್ಬರ್ ಗಡುಸಾಗುತ್ತೆ, ಡ್ರಾಯರ್‌ನಲ್ಲಿ ಮರೆತು ಬಿಟ್ಟ ರಬ್ಬರ್ ಬ್ಯಾಂಡ್ ಥರ. ಆಳ 4 ಮಿ.ಮೀ. ಇದ್ರೂ ಒದ್ದೆ ರಸ್ತೆಯಲ್ಲಿ ಹಿಡಿಯಲ್ಲ.

ಉಕ್ಕಿನಕುದುರೆ:
ಗಡುಸಾಗಿದೆಯಾ ಅಂತ ಉಗುರು ಚುಚ್ಚಿ ನೋಡಿದ್ರೆ ಗೊತ್ತಾಗುತ್ತೆ.

ಗೇಜ್_ಕೈಲಿ:
ಗೊತ್ತಾಗಲ್ಲ ಸರ್. ಬೆಳಗಿನ ಚಳಿಯಲ್ಲಿ ಒಂದು ಥರ, ಮಧ್ಯಾಹ್ನದ ಬಿಸಿಲಲ್ಲಿ ಇನ್ನೊಂದು ಥರ ಇರುತ್ತೆ. ಡ್ಯುಯಲ್ ಕಾಂಪೌಂಡ್ ಟೈರ್ ಆದ್ರೆ ನಡು ಗಟ್ಟಿ, ಅಂಚು ಮೆದು. ಅದೇ ಮಾದರಿಯ ಹೊಸ ಟೈರ್ ಪಕ್ಕದಲ್ಲಿಟ್ಟು, ಎರಡೂ ಒಂದೇ ತಾಪದಲ್ಲಿದ್ದಾಗ ಹೋಲಿಸಿದ್ರೆ ಮಾತ್ರ ಏನಾದ್ರೂ ಅರ್ಥ ಇದೆ. ಡಿಒಟಿ ಓದೋದು ಅದಕ್ಕಿಂತ ಸುಲಭ.

ಕ್ಲಚ್‌ಕೇಬಲ್:
ಎಲ್ಲರೂ ಹಿಂದಿನ ಟೈರ್ ಬಗ್ಗೇನೇ ಮಾತಾಡ್ತಿದ್ದೀರಿ. ಮುಂದಿನದ್ದು ನೋಡಿದ್ದೀರಾ? ಹಿಂದಿನದು ಎರಡು ಸಲ ಬದಲಾಗುವಷ್ಟರಲ್ಲಿ ಮುಂದಿನದು ಒಂದು ಸಲ ಬದಲಾಗೋದು ಎಷ್ಟೋ ಗಾಡಿಗಳಲ್ಲಿ ಸಾಮಾನ್ಯ. ಅಂದ್ರೆ ಗಾಡಿಯಲ್ಲಿ ಹೆಚ್ಚು ಹಳೇ ರಬ್ಬರ್ ಇರೋದು ಮುಂದೆ. ಬ್ರೇಕ್ ಹಿಡಿದಾಗ ಹೆಚ್ಚಿನ ಭಾರ ಬೀಳೋದೂ ಅದರ ಮೇಲೇ. ಹಿಂದಿನ ಚಕ್ರ ಜಾರಿದ್ರೆ ಸಂಭಾಳಿಸೋಕೆ ಒಂದು ಅವಕಾಶ ಸಿಗುತ್ತೆ, ಮುಂದಿನದು ಜಾರಿದ್ರೆ ಬಹುತೇಕ ಸಿಗಲ್ಲ.

ಮುಂದಿನ ಟೈರ್ ಸವೆಯೋ ರೀತಿಯೇ ಬೇರೆ. ಅದರಲ್ಲಿ ಚಪ್ಪಟೆ ಕಡಿಮೆ, ಅಲೆ ಜಾಸ್ತಿ. ಅಂಗೈಯನ್ನ ಟ್ರೆಡ್ ಮೇಲೆ ಇಟ್ಟು ಚಕ್ರ ಸುತ್ತೋ ದಿಕ್ಕಿಗೆ ಸವರಿ, ಆಮೇಲೆ ಉಲ್ಟಾ ಸವರಿ. ಒಂದು ಕಡೆ ನುಣ್ಣಗಿದ್ದು ಇನ್ನೊಂದು ಕಡೆ ಪ್ರತಿ ಬಟನ್ ಅಂಚೂ ಕೈಗೆ ಚುಚ್ಚಿದ್ರೆ ಬಟನ್‌ಗಳು ಓರೆಯಾಗಿ ಸವೆದಿವೆ. ಓಡಿಸುವಾಗ ಗುಂಯ್ ಅನ್ನೋ ಸದ್ದು, ನಿಧಾನ ವೇಗದಲ್ಲಿ ಹ್ಯಾಂಡಲ್ ನಡುಕ ಬರುತ್ತೆ. ಸ್ವಲ್ಪ ಮಟ್ಟಿಗೆ ಇದು ಬ್ರೇಕ್ ಹಿಡಿಯೋದರಿಂದ ಬಂದೇ ಬರುತ್ತೆ. ಜಾಸ್ತಿ ಇದ್ರೆ ಮೊದಲು ಗಾಳಿ, ಆಮೇಲೆ ಫೋರ್ಕ್ ಆಯಿಲ್, ಸ್ಟೀರಿಂಗ್ ಬೇರಿಂಗ್, ಚಕ್ರದ ಬ್ಯಾಲೆನ್ಸ್, ಈ ಕ್ರಮದಲ್ಲಿ ನೋಡಿ. ಕಾರಣ ಸರಿ ಮಾಡದೆ ಹೊಸ ಟೈರ್ ಹಾಕಿದ್ರೆ ಅದೂ ಹಾಗೇ ಆಗುತ್ತೆ.

ನಿಧಾನಗಾಮಿ:
ಹಾಗಾದ್ರೆ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕಾ?

ಕ್ಲಚ್‌ಕೇಬಲ್:
ಕಡ್ಡಾಯ ಇಲ್ಲ. ಮುಂದಿನದು ಅರ್ಧಕ್ಕಿಂತ ಜಾಸ್ತಿ ಉಳಿದಿದ್ರೆ, ಬಿರುಕು, ಅಲೆ ಇಲ್ಲದಿದ್ರೆ ಇರಲಿ. ಆದ್ರೆ ರೇಡಿಯಲ್ ಮತ್ತು ಬಯಾಸ್ ಟೈರ್‌ಗಳನ್ನ (ಒಳಗಿನ ನೂಲು ಹಾಸಿರೋ ರೀತಿ ಬೇರೆ) ಮನಸ್ಸಿಗೆ ಬಂದ ಹಾಗೆ ಜೋಡಿಸ್ಬೇಡಿ. ಸೈಜ್ ಬರೆದಿರೋ ಕಡೆ 'ಆರ್' ಅಕ್ಷರ ಇದ್ರೆ ರೇಡಿಯಲ್, ಬರೀ ಅಡ್ಡಗೆರೆ ಇದ್ರೆ ಬಯಾಸ್. ಎರಡೂ ಮಣಿಯೋ ರೀತಿ ಬೇರೆ, ಗಾಡಿ ಕಂಪನಿ ಒಪ್ಪಿರೋ ಜೋಡಿ ಮಾತ್ರ ಹಾಕಬೇಕು. ಹಿಂದಿಂದು ತೆಗೆದು ಮುಂದಕ್ಕೆ ಹಾಕೋ ಕೆಲಸವೂ ಬೇಡ. ಎರಡರ ಗುಂಡಗಿನ ಆಕಾರವೇ ಬೇರೆ.

ಹಸಿರುದೀಪ:
ಒಂದು ವಿಚಿತ್ರ. ಬಲಗಡೆ ಅಂಚು ಎಡಕ್ಕಿಂತ ಜಾಸ್ತಿ ಸವೆದಿದೆ. ಚಕ್ರ ಓರೆಯಾಗಿದೆಯಾ?

ಚೈನ್‌ಸ್ಪ್ರಾಕೆಟ್:
ವಿಚಿತ್ರ ಅಲ್ಲ ಮೇಡಂ/ಸರ್. ರಸ್ತೆಯ ಎಡಕ್ಕೆ ಓಡಿಸೋ ದೇಶಗಳಲ್ಲಿ ಬಲ, ಬಲಕ್ಕೆ ಓಡಿಸೋ ದೇಶಗಳಲ್ಲಿ ಎಡ ಹೆಚ್ಚು ಸವೆಯುತ್ತೆ. ಎಡಕ್ಕೆ ಓಡಿಸುವಾಗ ಬಲ ತಿರುವಿನಲ್ಲಿ ನೀವು ಹೊರಗಿನ ಲೇನ್‌ನಲ್ಲಿರ್ತೀರಿ, ಬಲಕ್ಕೆ ವಾಲಿಕೊಂಡು ಹೋಗೋ ದೂರ ಜಾಸ್ತಿ. ಜೊತೆಗೆ ನೀರು ಹರಿಯಲಿ ಅಂತ ರಸ್ತೆಯನ್ನ ಅಂಚಿನ ಕಡೆಗೆ ಇಳಿಜಾರು ಮಾಡಿರ್ತಾರೆ. ಗಾಡಿ ನೆಟ್ಟಗೆ ನಿಂತಿದ್ರೂ ಟೈರ್‌ನ ಬಲಭಾಗವೇ ನೆಲ ಒತ್ತುತ್ತೆ.

ಆದ್ರೂ ವ್ಯತ್ಯಾಸ ಕಣ್ಣಿಗೆ ಹೊಡೆಯೋಷ್ಟಿದ್ರೆ ಚೈನ್ ಅಡ್ಜಸ್ಟರ್‌ನ ಎರಡೂ ಪಕ್ಕದ ಗೆರೆ ಒಂದೇ ಕಡೆ ಇದೆಯಾ ನೋಡಿ. ಆ ಗೆರೆಗಳನ್ನೂ ಪೂರ್ತಿ ನಂಬೋ ಹಾಗಿಲ್ಲ. ಸ್ವಿಂಗ್‌ಆರ್ಮ್ ಪಿವಟ್‌ನಿಂದ ಹಿಂದಿನ ಆಕ್ಸಲ್ ಮಧ್ಯದವರೆಗೆ ಎರಡೂ ಪಕ್ಕ ಟೇಪ್ ಹಿಡಿದು ಅಳೆದ್ರೆ ಖಚಿತ.

ಪಯಣಿಗ:
ಟೈರ್ ಬೋಳಾದ್ರೆ ಬಿಸಿ ಬ್ಲೇಡ್‌ನಲ್ಲಿ ಗ್ರೂವ್ ಕೊರೆದು ಕೊಡೋರು ಇದ್ದಾರೆ. ನೋಡೋಕೆ ಹೊಸದರ ಹಾಗೇ ಇರುತ್ತೆ. ಸ್ವಲ್ಪ ದಿನ ತಳ್ಳೋಕೆ ಆಗಲ್ವಾ?

ಸ್ಪ್ಯಾನರ್_14:
ದಯವಿಟ್ಟು ಬೇಡ. ಗ್ರೂವ್ ತಳಕ್ಕೂ ನೂಲಿನ ಪದರಕ್ಕೂ ನಡುವೆ ಉಳಿಸಿರೋ ರಬ್ಬರ್ ನೂಲನ್ನ ಕಾಯೋಕೆ ಇರೋದು. ಕೊರೆಯೋರು ಕೊರೆಯೋದು ಅದನ್ನೇ. ಕೆಲವು ಲಾರಿ, ಬಸ್ ಟೈರ್‌ಗಳಲ್ಲಿ ಮತ್ತೆ ಕೊರೆಯೋಕೆ ಅಂತಲೇ ಹೆಚ್ಚಿನ ರಬ್ಬರ್ ಕೊಟ್ಟು, ಸೈಡ್‌ವಾಲ್ ಮೇಲೆ ಹಾಗಂತ ಬರೆದಿರ್ತಾರೆ. ಬೈಕ್ ಟೈರ್‌ನಲ್ಲಿ ಆ ಹೆಚ್ಚುವರಿ ಇಲ್ಲ. ಬ್ಲೇಡ್ ಒಂದು ಕಡೆ ಅರ್ಧ ಮಿ.ಮೀ. ಆಳಕ್ಕೆ ಹೋದ್ರೆ ನೂಲು ಕತ್ತರಿಸುತ್ತೆ, ನೀರು ಒಳಗೆ ಹೋಗುತ್ತೆ, ಪದರ ಬಿಟ್ಟುಕೊಳ್ಳುತ್ತೆ. ವೇಗದಲ್ಲಿ ಒಡೆಯೋದು ಅಲ್ಲೇ.

ಹಳೇ ಗಾಡಿ ಕೊಳ್ಳೋರು ಇದನ್ನ ಗುರುತಿಸೋದು ಕಲಿಯಿರಿ: ಗ್ರೂವ್ ಇದೆ, ಆದ್ರೆ ಅದರೊಳಗೆ ಟಿಡಬ್ಲ್ಯುಐ ಉಬ್ಬು ಇಲ್ಲ ಅಥವಾ ಅರ್ಧಕ್ಕೆ ಕತ್ತರಿಸಿದೆ. ಗ್ರೂವ್ ಗೋಡೆ ಒರಟು, ಅಂಚು ಅಂಕುಡೊಂಕು, ಮೂಲೆಗಳು ಚೂಪು. ಅಚ್ಚಿನಲ್ಲಿ ಬಂದ ಗ್ರೂವ್‌ನ ತಳದ ಮೂಲೆ ಸ್ವಲ್ಪ ದುಂಡಗೆ ನುಣುಪಾಗಿರುತ್ತೆ.

ಪಯಣಿಗ:
ಉಬ್ಬು ನೋಡೋದು ಒಳ್ಳೇ ಗುರುತು. ಮತ್ತೆ ಟ್ಯೂಬ್‌ಲೆಸ್ ಟೈರ್ ಒಳಗೆ ಟ್ಯೂಬ್ ಹಾಕಿ ಓಡಿಸೋದು?

ಕ್ಲಚ್‌ಕೇಬಲ್:
ತುರ್ತಿಗೆ ಮನೆ ತಲುಪೋಕೆ ಸರಿ, ನಿಧಾನಕ್ಕೆ. ಕಾಯಂ ಬೇಡ. ಟ್ಯೂಬ್‌ಲೆಸ್ ಟೈರ್‌ನ ಒಳಮೈಯಲ್ಲಿ ಏಣುಗಳಿರ್ತವೆ, ಟ್ಯೂಬ್ ಅದಕ್ಕೆ ಉಜ್ಜಿ ಬಿಸಿಯಾಗುತ್ತೆ. ಮುಖ್ಯವಾಗಿ ಟ್ಯೂಬ್‌ಲೆಸ್‌ನ ಒಂದೇ ದೊಡ್ಡ ಲಾಭ ಕಳ್ಕೋತೀರಿ: ಮೊಳೆ ಚುಚ್ಚಿದ್ರೆ ಗಾಳಿ ನಿಧಾನಕ್ಕೆ ಇಳಿಯೋದು. ಟ್ಯೂಬ್ ಹರಿದ್ರೆ ಕ್ಷಣದಲ್ಲಿ ಖಾಲಿ.

ಮಳೆಸವಾರ:
ಪಂಕ್ಚರ್ ವಿಷಯ ಬಂತಲ್ಲ, ಅದೂ ಬದಲಾಯಿಸೋ ಲೆಕ್ಕಕ್ಕೆ ಸೇರುತ್ತೆ. ತೂತು ಟ್ರೆಡ್ ಭಾಗದಲ್ಲಿದ್ದು 6 ಮಿ.ಮೀ.ಗಿಂತ ಚಿಕ್ಕದಿದ್ರೆ ರಿಪೇರಿ ಆಗುತ್ತೆ. ಸರಿಯಾದ ರಿಪೇರಿ ಅಂದ್ರೆ ಟೈರ್ ಬಿಚ್ಚಿ ಒಳಗೆ ನೋಡಿ, ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕೋದು. ಹೊರಗಿನಿಂದ ತುರುಕೋ ರಬ್ಬರ್ ಹುರಿ ತಾತ್ಕಾಲಿಕ. ಸೈಡ್‌ವಾಲ್‌ನಲ್ಲಿ ತೂತಾದ್ರೆ ರಿಪೇರಿ ಮಾತೇ ಇಲ್ಲ. ಗಾಳಿ ಇಲ್ಲದೆ ದೂರ ಓಡಿಸಿದ್ರೆ ಸೈಡ್‌ವಾಲ್ ಒಳಮೈ ಉಜ್ಜಿ ರಬ್ಬರ್ ಪುಡಿ ಬಿದ್ದಿರುತ್ತೆ. ಒಳಗೆ ಆ ಕಪ್ಪು ಪುಡಿ ಕಂಡ್ರೆ ಟ್ರೆಡ್ ಎಷ್ಟೇ ಇದ್ರೂ ಬಿಸಾಕಿ.

ನಿಧಾನಗಾಮಿ:
ಉಬ್ಬಿದ ಸೈಡ್‌ವಾಲ್ ಸೇರಿಸಿ. ಗುಂಡಿಗೆ ಹೊಡೆದು ಒಳಗಿನ ನೂಲು ಹರಿದಿರುತ್ತೆ. ಅದು ಅಳೆಯೋ ವಿಷಯ ಅಲ್ಲ, ಗಾಡಿ ಅಲ್ಲೇ ನಿಲ್ಲಿಸೋ ವಿಷಯ.

ಉಕ್ಕಿನಕುದುರೆ:
ಎಲ್ಲ ಒಪ್ಪಿದ್ರೂ, 1.6 ಇರೋ ಟೈರ್‌ನ ಬೇಸಿಗೆಯಲ್ಲಿ, ಒಣ ರಸ್ತೆಯಲ್ಲಿ ಕಿತ್ತು ಹಾಕೋದು ವ್ಯರ್ಥ ಅಂತಲೇ ನನ್ನ ಅಭಿಪ್ರಾಯ.

ಗೇಜ್_ಕೈಲಿ:
ಬರೀ ಆಳದ ಮಾತಾದ್ರೆ ನಿಮ್ಮ ವಾದಕ್ಕೆ ಜಾಗ ಇದೆ. ಸಮನಾಗಿ ಸವೆದ, ಬಿರುಕಿಲ್ಲದ, ಎರಡು ವರ್ಷದ ಟೈರ್ ಒಣ ಕಾಲದಲ್ಲಿ 1.6ರಲ್ಲಿದ್ರೆ ನಾನೂ ಇವತ್ತೇ ಬಿಚ್ಚಿ ಅನ್ನಲ್ಲ, ವಾರಕ್ಕೊಮ್ಮೆ ಅಳೀರಿ ಅಂತೀನಿ. ಇಲ್ಲಿ ಹಾಗಿಲ್ಲ. ಆಕಾರ ಹೋಗಿದೆ, ತಯಾರಾದದ್ದು 2019ರಲ್ಲಿ, ಬಿರುಕೂ ಇದೆ.

ಎಷ್ಟು ಕಿ.ಮೀ. ಉಳಿದಿದೆ ಅಂತ ತಿಳಿಯೋಕೆ ಊಹೆ ಬೇಡ, ಲೆಕ್ಕ ಇದೆ. ಹೊಸದರಲ್ಲಿ 6.5 ಮಿ.ಮೀ. ಇದ್ದು 9,000 ಕಿ.ಮೀ. ಆದಾಗ 3.5ಕ್ಕೆ ಬಂದಿದ್ರೆ ಒಂದು ಮಿ.ಮೀ.ಗೆ 3,000 ಕಿ.ಮೀ. 2 ಮಿ.ಮೀ. ಗೆರೆಗೆ ಇನ್ನು 1.5 ಬಾಕಿ, ಅಂದ್ರೆ ಸುಮಾರು 4,500 ಕಿ.ಮೀ. ಟೈರ್ ಹಾಕಿಸಿದ ದಿನವೇ ಆಳ ಮತ್ತು ಮೀಟರ್ ಓದು ಬರೆದಿಟ್ಟುಕೊಂಡ್ರೆ ಈ ಪ್ರಶ್ನೆಗೆ ಯಾರನ್ನೂ ಕೇಳಬೇಕಿಲ್ಲ.

ಹಸಿರುದೀಪ:
ಬದಲಾಯಿಸುವಾಗ 100/90 ಬದಲು 110/90 ಹಾಕಿಸಬಹುದಾ? ಹಿಡಿತ ಜಾಸ್ತಿ ಆಗುತ್ತೆ ಅಂತಾರೆ.

ಸ್ಪ್ಯಾನರ್_14:
ಲೆಕ್ಕ ಹಾಕಿ. 17 ಇಂಚು ಅಂದ್ರೆ 431.8 ಮಿ.ಮೀ. 100/90ರಲ್ಲಿ ಸೈಡ್‌ವಾಲ್ ಎತ್ತರ 90, ಎರಡು ಪಕ್ಕ ಸೇರಿ 180, ಒಟ್ಟು ವ್ಯಾಸ ಸುಮಾರು 612. 110/90ರಲ್ಲಿ ಸೈಡ್‌ವಾಲ್ 99, ಒಟ್ಟು ಸುಮಾರು 630. ಚಕ್ರ 18 ಮಿ.ಮೀ. ದೊಡ್ಡದಾಗುತ್ತೆ, ಹಿಂಭಾಗ 9 ಮಿ.ಮೀ. ಎತ್ತರ ಆಗುತ್ತೆ, ಗೇರ್ ಅನುಪಾತ ಸುಮಾರು ಶೇ. 3 ಬದಲಾಗುತ್ತೆ. ರಿಮ್ ಅಗಲ ಹಾಗೇ ಉಳಿಯೋದರಿಂದ ಅಗಲದ ಟೈರ್ ಹಿಸುಕಿದ ಹಾಗೆ ಕೂತು ನಡು ಚೂಪಾಗುತ್ತೆ. ಅಂಚಿನ ರಬ್ಬರ್ ನೆಲ ಮುಟ್ಟೋದೇ ಇಲ್ಲ, ಹಿಡಿತ ಎಲ್ಲಿಂದ ಬರುತ್ತೆ? ಚೈನ್‌ಗೆ, ಮಡ್‌ಗಾರ್ಡ್‌ಗೆ ತಾಗೋ ಅಪಾಯ ಬೇರೆ.

ಸೈಜ್ ಜೊತೆ ಲೋಡ್ ಇಂಡೆಕ್ಸ್ (ಹೊರಬಲ್ಲ ಭಾರದ ಅಂಕಿ) ಮತ್ತು ವೇಗದ ಅಕ್ಷರವನ್ನೂ ನೋಡಿ. ಉದಾಹರಣೆಗೆ '55ಪಿ' ಅಂತಿದ್ರೆ 218 ಕೆ.ಜಿ. ಮತ್ತು ಗಂಟೆಗೆ 150 ಕಿ.ಮೀ. ಹೊಸದು ಇದಕ್ಕೆ ಸಮ ಅಥವಾ ಜಾಸ್ತಿ ಇರಬೇಕು.

ಎರಡುಗಾಲಿ:
ಬದಲಾಯಿಸ್ತೀನಿ, ಮೂಲ ಸೈಜೇ. ಅಂಗಡಿಯಲ್ಲಿ ನಿಂತು ಏನೇನು ನೋಡ್ಕೋಬೇಕು?

ಕ್ಲಚ್‌ಕೇಬಲ್:
ಹೊಸ ಟೈರ್‌ನ ಡಿಒಟಿ ಮೊದಲು. ರಬ್ಬರ್ ವಾಲ್ವ್ ಹೊಸದು ಹಾಕ್ಸಿ, ಹಳೇದು ಬುಡದಲ್ಲಿ ಸೀಳಿರುತ್ತೆ. ಸೈಡ್‌ವಾಲ್ ಮೇಲಿನ ಬಾಣ ಚಕ್ರ ಮುಂದಕ್ಕೆ ಸುತ್ತೋ ದಿಕ್ಕಿಗೇ ಇರಬೇಕು. ಬಣ್ಣದ ಚುಕ್ಕೆ ಇದ್ರೆ ಅದು ಟೈರ್‌ನ ಹಗುರ ಜಾಗ, ವಾಲ್ವ್ ಹತ್ತಿರ ಬರೋ ಹಾಗೆ ಕೂರಿಸಬೇಕು. ಗಾಳಿ ತುಂಬಿದ ಮೇಲೆ ರಿಮ್ ಪಕ್ಕದ ತೆಳು ಗೆರೆ ಸುತ್ತಲೂ ಒಂದೇ ದೂರದಲ್ಲಿ ಕಾಣಬೇಕು, ಎರಡೂ ಪಕ್ಕ. ಒಂದು ಕಡೆ ಒಳಗೆ ಹೋಗಿದ್ರೆ ಬೀಡ್ (ರಿಮ್‌ಗೆ ಕೂರೋ ಟೈರ್ ಅಂಚು) ಪೂರ್ತಿ ಕೂತಿಲ್ಲ. ಗಾಳಿ ಇಳಿಸಿ, ಸೋಪಿನ ನೀರು ಹಚ್ಚಿ ಮತ್ತೆ ತುಂಬಿಸಬೇಕೇ ಹೊರತು ಬರೀ ಒತ್ತಡ ಏರಿಸ್ತಾ ಹೋಗಬಾರದು. ಚಕ್ರ ಬಿಚ್ಚಿರುವಾಗ್ಲೇ ಬೇರಿಂಗ್ ಒಳಗೆ ಬೆರಳಿಟ್ಟು ತಿರುಗಿಸಿ ನೋಡಿ, ಗರಗರ ಅಂದ್ರೆ ಅದನ್ನೂ ಆಗಲೇ ಬದಲಾಯಿಸಿ.

ರಬ್ಬರ್_ಮರ:
ಟ್ರೆಡ್ ಮೇಲೆ ಟೈರ್ ಪಾಲಿಶ್ ಹಚ್ಚೋಕೆ ಬಿಡ್ಬೇಡಿ. ಸಿಲಿಕೋನ್ ಇರೋ ಪಾಲಿಶ್ ಸೈಡ್‌ವಾಲ್‌ನಿಂದ ಹರಿದು ಅಂಚಿಗೆ ಬಂದ್ರೂ ಸಾಕು, ವಾಲಿಸಿದಾಗ ಜಾರುತ್ತೆ.

ಮಳೆಸವಾರ:
ಹೊಸ ಟೈರ್ ಮೇಲ್ಮೈ ನುಣ್ಣಗಿರುತ್ತೆ, ಬೀಡ್ ಕೂಡ ರಿಮ್‌ಗೆ ಹೊಂದಿಕೊಳ್ಳಬೇಕು. ಮೊದಲ 150 ಕಿ.ಮೀ. ಗಟ್ಟಿ ಬ್ರೇಕ್, ಜೋರು ಎಳೆತ ಬೇಡ, ವಾಲಿಸೋದನ್ನ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ನೇರ ರಸ್ತೆಯಲ್ಲೇ ಅಷ್ಟೂ ದೂರ ಓಡಿಸಿದ್ರೆ ನಡು ಮಾತ್ರ ಪಳಗುತ್ತೆ, ಅಂಚು ಹೊಸದಾಗೇ ಉಳಿಯುತ್ತೆ.

ದಾರಿಹೋಕ:
ನೈಟ್ರೋಜನ್ ಹಾಕಿಸೋದು ಒಳ್ಳೇದಾ?

ಗೇಜ್_ಕೈಲಿ:
ನಾವು ಉಸಿರಾಡೋ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಹಾಕಿಸಿದ್ರೆ ತೊಂದರೆ ಇಲ್ಲ, ಸಾದಾ ಗಾಳಿ ಬೆರೆಸಿದ್ರೂ ತೊಂದರೆ ಇಲ್ಲ. ನೈಟ್ರೋಜನ್ ಇದೆ ಅಂತ ಎರಡು ವಾರಕ್ಕೊಮ್ಮೆ ಒತ್ತಡ ನೋಡೋದು ಬಿಡಬೇಡಿ, ಅಷ್ಟೇ.